ಮದುವೆಯ ಪಟ್ಟಿಯ ಮೊದಲ ಸಾಲು

“ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು” ಎಂಬ ಗಾದೆ ನಮ್ಮ ನಾಡಿನಲ್ಲಿ ಎಲ್ಲರ ಬಾಯಲ್ಲೂ ಇದೆ. ಈ ಎರಡರಲ್ಲಿ ಮನೆಯನ್ನಾದರೂ ಕೈಯಲ್ಲಿ ಹಣ ಬಂದಾಗಲೆಲ್ಲ ಒಂದೊಂದು ಗೋಡೆಯಾಗಿ ಎಬ್ಬಿಸಬಹುದು. ಮದುವೆ ಹಾಗಲ್ಲ. ದಿನ ಗೊತ್ತಾಯಿತೆಂದರೆ ಎಲ್ಲವೂ ಆ ದಿನದೊಳಗೆ ಆಗಲೇಬೇಕು. ಆಗ ಯೋಚಿಸಲು ಪುರುಸೊತ್ತಿರುವುದಿಲ್ಲ. ಸಾಲ ಕೊಡುವವರ ಬಾಗಿಲು ಮಾತ್ರ ಕಣ್ಣಿಗೆ ಕಾಣುತ್ತದೆ.

ಪ್ರಿಯ ವಾಚಕರೇ, ನಿಮ್ಮ ಮನೆಯಲ್ಲಿ ಮಗನದ್ದೋ ಮಗಳದ್ದೋ ಮದುವೆ ನಿಶ್ಚಯವಾದೊಡನೆ ಹಿರಿಯರು ಕುಳಿತು ಒಂದು ಪಟ್ಟಿ ಬರೆಯುತ್ತಾರಲ್ಲವೇ? ಆ ಪಟ್ಟಿಯ ಮೊದಲ ಸಾಲಿನಲ್ಲಿ ಏನಿರುತ್ತದೆಂದು ಸ್ವಲ್ಪ ನೆನಪಿಸಿಕೊಳ್ಳಿ. ಶಾದಿಮಹಲ್, ಚಿನ್ನ, ಬಟ್ಟೆ, ಬಿರಿಯಾನಿ, ಆಹ್ವಾನ ಪತ್ರಿಕೆ, ಬಸ್ಸು, ಅಲಂಕಾರ ಎಲ್ಲವೂ ಒಂದರ ಹಿಂದೆ ಒಂದು ಬರುತ್ತವೆ. ಮಹ್ರ್ ಎಷ್ಟೆಂಬುದು ಮಾತ್ರ ಹಲವು ಮನೆಗಳಲ್ಲಿ ಆ ಪಟ್ಟಿಯಲ್ಲೇ ಇರುವುದಿಲ್ಲ. ಖಾಝಿಯವರು ದಫ್ತರ್ ತೆರೆದು ಕೇಳಿದಾಗ ಇಬ್ಬರು ಹಿರಿಯರು ಪರಸ್ಪರ ಮುಖ ನೋಡಿಕೊಂಡು ಒಂದು ಮೊತ್ತವನ್ನು ಹೇಳಿಬಿಡುತ್ತಾರೆ. ಮದುವೆಗೆ ಸಂಬಂಧಿಸಿ ಅಲ್ಲಾಹನು ಮೊದಲು ಕೇಳಿದ್ದು ನಮ್ಮ ಪಟ್ಟಿಯಲ್ಲಿ ಕೊನೆಗೆ ಬಂದಿದೆ. ಅವನು ಕೇಳದೇ ಇದ್ದುದು ಮೊದಲಿಗೆ ಬಂದಿದೆ. ಈ ಪಟ್ಟಿಯನ್ನು ಸರಿಯಾದ ಕ್ರಮದಲ್ಲಿ ಬರೆಯುವುದು ಹೇಗೆಂದು ಈ ಪಾಠದಲ್ಲಿ ನೋಡೋಣ.

ಮದುವೆ ಯಾವುದು, ಪದ್ಧತಿ ಯಾವುದು?

ಇಸ್ಲಾಮಿನಲ್ಲಿ ನಿಕಾಹ್ ಒಂದು ಕರಾರು. ವಧೂವರರ ಸಮ್ಮತಿ, ವಧುವಿನ ವಲಿಯ ಪಾತ್ರ, ಇಬ್ಬರು ಸಾಕ್ಷಿಗಳು, ಈಜಾಬ್ ಮತ್ತು ಖಬೂಲ್, ವರನು ವಧುವಿಗೆ ಕೊಡಬೇಕಾದ ಮಹ್ರ್, ಇವು ಅದರ ಅಂಗಗಳು. ವಲಿಯ ವಿಷಯದಲ್ಲಿ ಕರಾವಳಿಯ ಶಾಫಿಈಗಳಿಗೂ ಘಟ್ಟದ ಮೇಲಿನ ಹನಫಿಗಳಿಗೂ ವಿವರಗಳಲ್ಲಿ ವ್ಯತ್ಯಾಸವಿದೆ. ಆದರೆ ಇವುಗಳಲ್ಲಿ ಯಾವುದಕ್ಕೂ ದೊಡ್ಡ ಸಭಾಂಗಣವಾಗಲೀ ಬಣ್ಣದ ದೀಪಗಳಾಗಲೀ ಬೇಕಿಲ್ಲವೆಂಬುದರಲ್ಲಿ ಭಿನ್ನಾಭಿಪ್ರಾಯವಿಲ್ಲ. ಮಸೀದಿಯ ಒಂದು ಮೂಲೆಯಲ್ಲಿ, ನಮಾಝಿನ ಬಳಿಕ ಅರ್ಧ ಗಂಟೆಯಲ್ಲಿ ನಿಕಾಹ್ ಮುಗಿಯುತ್ತದೆ.

ಉಳಿದುದೆಲ್ಲವೂ ಪದ್ಧತಿ. ಪದ್ಧತಿಯೆಂದ ಮಾತ್ರಕ್ಕೆ ಅದು ಕೆಟ್ಟದ್ದೆಂದು ಅರ್ಥವಲ್ಲ. ನಿಷಿದ್ಧ ಕಾರ್ಯಗಳಿಲ್ಲದಿದ್ದರೆ ಅದಕ್ಕೆ ಅನುಮತಿಯಿದೆ. ಆದರೆ ಅನುಮತಿ ಇರುವುದನ್ನು ಕಡ್ಡಾಯವೆಂದು ಭಾವಿಸಿ, ಕಡ್ಡಾಯವಾದುದನ್ನು ಹಗುರವಾಗಿ ಕಾಣುವುದು ಧರ್ಮವನ್ನು ತಲೆಕೆಳಗು ಮಾಡಿದಂತೆ.

ಸಮ್ಮತಿಯ ವಿಷಯವನ್ನೇ ನೋಡಿರಿ. ಖನ್ಸಾ ಬಿಂತ್ ಖಿದಾಮ್(ರ) ಎಂಬ ಅನ್ಸಾರಿ ಮಹಿಳೆಯನ್ನು ಅವರ ತಂದೆ ಅವರಿಗೆ ಇಷ್ಟವಿಲ್ಲದ ಕಡೆಗೆ ವಿವಾಹ ಮಾಡಿಕೊಟ್ಟಾಗ ಅವರು ಪ್ರವಾದಿವರ್ಯರ(ಸ) ಬಳಿಗೆ ಬಂದು ದೂರಿಕೊಂಡರು. ಪ್ರವಾದಿವರ್ಯರು(ಸ) ಆ ವಿವಾಹವನ್ನು ರದ್ದುಪಡಿಸಿದರೆಂದು ಬುಖಾರಿಯಲ್ಲಿದೆ. ಕನ್ಯೆಯ ಅನುಮತಿಯನ್ನೂ ಕೇಳಬೇಕೆಂದೂ, ನಾಚಿಕೆಯಿಂದ ಆಕೆ ಮೌನವಾಗಿದ್ದರೆ ಅದೇ ಸಮ್ಮತಿಯೆಂದೂ ಅವರು ಕಲಿಸಿದರು. ಗಮನಿಸಿ, ನಾಚಿಕೆಯ ಮೌನ ಬೇರೆ, ಹೆದರಿಕೆಯ ಮೌನ ಬೇರೆ. ಹಾಲ್‌ಗೆ ಮುಂಗಡ ಕೊಟ್ಟು, ಪತ್ರಿಕೆ ಅಚ್ಚಾಗಿ ಬಂದ ಮೇಲೆ ಮಗಳನ್ನು ಕೇಳುವುದು ಕೇಳಿದಂತಾಗದು. ಆಗ “ಬೇಡ” ಎನ್ನುವ ಧೈರ್ಯ ಯಾವ ಮಗಳಿಗಿದೆ?

ಮಹ್ರ್: ವೇದಿಕೆಯ ಅಲಂಕಾರವಲ್ಲ

ಸ್ತ್ರೀಯರಿಗೆ ಅವರ ಮಹ್ರನ್ನು ಸಂತೋಷದಿಂದ ಕೊಡಬೇಕೆಂದು ಪವಿತ್ರ ಕುರ್‌ಆನಿನ ಅನ್ನಿಸಾ ಅಧ್ಯಾಯದ 4ನೇ ಸೂಕ್ತ ಆದೇಶಿಸುತ್ತದೆ. ಅದು ವಧುವಿನ ಸೊತ್ತು. ತಂದೆಗಾಗಲೀ ಅತ್ತೆಗಾಗಲೀ ಅದರಲ್ಲಿ ಹಕ್ಕಿಲ್ಲ.

ಪ್ರವಾದಿವರ್ಯರು(ಸ) ತಮ್ಮ ಪತ್ನಿಯರಿಗೆ ಕೊಟ್ಟ ಮಹ್ರ್ ಹನ್ನೆರಡೂವರೆ ಊಖಿಯ, ಅಂದರೆ 500 ದಿರ್ಹಮ್ ಆಗಿತ್ತೆಂದು ಹಝ್ರತ್ ಆಇಶಾ(ರ) ವಿವರಿಸಿದ್ದಾರೆ. ಇಂದಿನ ತೂಕದಲ್ಲಿ ಅದು ಸುಮಾರು ಒಂದೂವರೆ ಕಿಲೋ ಬೆಳ್ಳಿ. ಹಝ್ರತ್ ಅಲಿ(ರ) ತಮ್ಮ ಬಳಿ ಕೊಡಲು ಏನೂ ಇಲ್ಲವೆಂದಾಗ ಅವರಲ್ಲಿದ್ದ ಯುದ್ಧಕವಚವನ್ನು ಫಾತಿಮಾರಿಗೆ(ರ) ಕೊಡುವಂತೆ ಸೂಚಿಸಲಾಯಿತು. ಕಬ್ಬಿಣದ ಒಂದು ಉಂಗುರವೂ ಇಲ್ಲದ ಬಡವನಿಗೆ, ಅವನಿಗೆ ತಿಳಿದಿದ್ದ ಕುರ್‌ಆನ್ ಅಧ್ಯಾಯಗಳ ಆಧಾರದಲ್ಲೇ ವಿವಾಹ ಮಾಡಿಸಲಾಯಿತು. ಹನಫಿ ಮದ್‌ಹಬಿನಲ್ಲಿ ಮಹ್ರ್‌ನ ಕನಿಷ್ಠ ಮಿತಿ 10 ದಿರ್ಹಮ್. ಶಾಫಿಈ ಮದ್‌ಹಬಿನಲ್ಲಿ ಕನಿಷ್ಠ ಮಿತಿಯಿಲ್ಲ.

ಇಲ್ಲಿ ಎರಡು ಬಗೆಯ ತಪ್ಪುಗಳು ಕಾಣಸಿಗುತ್ತವೆ. ಕೆಲವರು ಲಕ್ಷಗಟ್ಟಲೆ ಖರ್ಚಿನ ಮದುವೆಯಲ್ಲಿ ಮಹ್ರ್ ಎಂದು ನಾಮಮಾತ್ರದ ಮೊತ್ತವನ್ನು ಬರೆಸುತ್ತಾರೆ. ಇನ್ನು ಕೆಲವರು ಸಭೆಯಲ್ಲಿ ದೊಡ್ಡ ಮೊತ್ತವನ್ನು ಕೂಗಿ ಹೇಳಿಸಿ, ಜೀವಮಾನವಿಡೀ ಅದನ್ನು ಕೊಡುವುದಿಲ್ಲ. ಬಾಕಿ ಇಟ್ಟ ಮಹ್ರ್ ಗಂಡನ ಮೇಲಿನ ಸಾಲ. ಅವನು ತೀರಿಕೊಂಡರೆ ವಾರಸುದಾರರಿಗೆ ಆಸ್ತಿ ಹಂಚುವ ಮೊದಲು ಆ ಸಾಲ ತೀರಬೇಕು. ಆದುದರಿಂದ ವರನ ತಂದೆಯೇ, ನಿಮ್ಮ ಪಟ್ಟಿಯ ಮೊದಲ ಸಾಲಿನಲ್ಲಿ ಮಹ್ರ್ ಬರೆಯಿರಿ. ನಿಮ್ಮ ಮಗ ಕೊಡಬಲ್ಲಷ್ಟನ್ನೇ ಬರೆಯಿರಿ. ಸಾಧ್ಯವಿದ್ದಷ್ಟನ್ನು ಅಂದೇ ಕೊಡಿಸಿರಿ.

ಕೊಡುವವನು ಕೇಳುವವನಾದಾಗ

ಮಹ್ರ್ ಕೊಡಬೇಕಾದ ಕೈಯೇ ವರದಕ್ಷಿಣೆಗೆ ಚಾಚಿಕೊಂಡರೆ ಏನೆನ್ನಬೇಕು? ಜೋಡೆ ಕೀ ರಕಮ್ ಎನ್ನಿ, ಜಹೇಝ್ ಎನ್ನಿ, “ನಾವೇನೂ ಕೇಳಿಲ್ಲ, ನಿಮ್ಮ ಮಗಳಿಗೆ ನೀವು ಕೊಡುವುದು” ಎನ್ನಿ, ಹೆಸರು ಬದಲಾದರೆ ವಸ್ತು ಬದಲಾಗದು. ಪ್ರವಾದಿವರ್ಯರೂ(ಸ) ಮಗಳಿಗೆ ಜಹೇಝ್ ಕೊಟ್ಟಿದ್ದರಲ್ಲ ಎಂದು ವಾದಿಸುವವರಿದ್ದಾರೆ. ನಸಾಈಯಲ್ಲಿರುವ ವರದಿಯಂತೆ ಅವರು ಕೊಟ್ಟದ್ದು ಒಂದು ದಪ್ಪ ಬಟ್ಟೆ, ನೀರು ತುಂಬುವ ಒಂದು ಚರ್ಮದ ಚೀಲ, ಹುಲ್ಲು ತುಂಬಿದ ಒಂದು ದಿಂಬು. ಅವರ ಆಶ್ರಯದಲ್ಲೇ ಬೆಳೆದ ಅಲಿ(ರ) ಹೊಸ ಮನೆ ಹೂಡುವಾಗ ಬೇಕಾದ ಸಾಮಾನುಗಳಿವು. ಇದನ್ನು ಮುಂದಿಟ್ಟುಕೊಂಡು ಕಾರು ಕೇಳುವುದು ನಾಚಿಕೆಗೇಡು.

ನಮ್ಮ ದೇಶದ ಕಾನೂನು ಕೂಡಾ ಈ ವಿಷಯದಲ್ಲಿ ಸ್ಪಷ್ಟವಾಗಿದೆ. 1961ರ ವರದಕ್ಷಿಣೆ ನಿಷೇಧ ಕಾಯ್ದೆಯಂತೆ ಕೊಡುವುದೂ ತೆಗೆದುಕೊಳ್ಳುವುದೂ ಅಪರಾಧ. ಕನಿಷ್ಠ ಐದು ವರ್ಷಗಳ ಸೆರೆವಾಸವನ್ನು ಅದು ವಿಧಿಸುತ್ತದೆ. ಅದೇ ಕಾಯ್ದೆಯು ಮುಸ್ಲಿಮರ ಮಹ್ರ್ ವರದಕ್ಷಿಣೆಯಲ್ಲವೆಂದು ಬಿಡಿಸಿ ಹೇಳಿದೆ. ಕೊಡಬೇಕಾದುದು ಯಾವುದು, ಕೇಳಬಾರದ್ದು ಯಾವುದು ಎಂಬ ವ್ಯತ್ಯಾಸ ಕಾನೂನಿಗೆ ತಿಳಿದಿರುವಾಗ ನಮಗೆ ತಿಳಿಯದೆ ಹೋಗಬೇಕೇ?

ಒಬ್ಬರದೇ ಮೂರು ವಲೀಮಾಗಳು

ಔತಣದ ಬಗ್ಗೆ ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ಏಕೆಂದರೆ ಹೆಚ್ಚಿನ ಮನೆಗಳು ಸಾಲಕ್ಕೆ ಬೀಳುವುದು ಇಲ್ಲಿಯೇ.

ವಲೀಮಾ ಸುನ್ನತ್. ಅದು ವರನ ಕಡೆಯ ಔತಣ. ವಧುವಿನ ತಂದೆ ಊರಿಗೆಲ್ಲ ಊಟ ಹಾಕಬೇಕೆಂದು ಶರೀಅತ್ ಎಲ್ಲಿಯೂ ಹೇಳಿಲ್ಲ. ಬಂದ ನೆಂಟರಿಗೆ ಅವನು ಊಟ ಕೊಟ್ಟರೆ ಅದು ಅವನ ಸೌಜನ್ಯ. “ನಮ್ಮ ಕಡೆಯಿಂದ ಐನೂರು ಮಂದಿ ಬರುತ್ತೇವೆ” ಎಂದು ವರನ ಕಡೆಯವರು ಲೆಕ್ಕ ಕೊಟ್ಟು ಹೋಗುವುದು ಆ ಸೌಜನ್ಯವನ್ನು ದಂಡವನ್ನಾಗಿ ಮಾಡುತ್ತದೆ.

ಪ್ರವಾದಿವರ್ಯರ(ಸ) ವಲೀಮಾಗಳನ್ನು ಗಮನಿಸಿರಿ. ಝೈನಬ್(ರ) ಅವರ ವಿವಾಹದಲ್ಲಿ ಒಂದು ಆಡು ಕೊಯ್ದು ಜನರಿಗೆ ರೊಟ್ಟಿ ಮಾಂಸ ಉಣಿಸಿದರು. ಬೇರೆ ಯಾವ ಪತ್ನಿಯ ವಲೀಮಾವೂ ಅಷ್ಟು ದೊಡ್ಡದಾಗಿರಲಿಲ್ಲವೆಂದು ಅನಸ್(ರ) ಹೇಳುತ್ತಾರೆ. ಸಫಿಯ್ಯಾ(ರ) ಅವರ ವಿವಾಹ ಖೈಬರಿನಿಂದ ಮರಳುವ ದಾರಿಯಲ್ಲಿ ನಡೆಯಿತು. ಚರ್ಮದ ಹಾಸುಗಳನ್ನು ಹರಡಿ ಅದರ ಮೇಲೆ ಖರ್ಜೂರ, ಒಣಗಿಸಿದ ಗಿಣ್ಣು, ತುಪ್ಪ ಇಟ್ಟರು. ರೊಟ್ಟಿಯೂ ಇರಲಿಲ್ಲ, ಮಾಂಸವೂ ಇರಲಿಲ್ಲ. ಇನ್ನೋರ್ವ ಪತ್ನಿಯ ವಲೀಮಾ ಎರಡು ಮುದ್ದ್, ಅಂದರೆ ಎರಡು ಬೊಗಸೆಯಷ್ಟು ಜವೆಗೋಧಿಯಿಂದ ಮುಗಿಯಿತು. ವ್ಯಕ್ತಿ ಒಬ್ಬರೇ, ವಲೀಮಾಗಳು ಮೂರು ಬಗೆ. ಆಡು ಇದ್ದ ದಿನ ಆಡು, ಜವೆಗೋಧಿ ಇದ್ದ ದಿನ ಜವೆಗೋಧಿ. ನೆರೆಯವರು ಏನು ಹೇಳುತ್ತಾರೆಂದು ನೋಡದೆ, ಆ ದಿನ ಮನೆಯಲ್ಲಿ ಏನಿದೆಯೆಂದು ನೋಡಿ ಔತಣ ನಡೆಯಿತು. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂದು ನಮ್ಮ ಕನ್ನಡದ ಗಾದೆ ಹೇಳುವುದೂ ಇದನ್ನೇ.

ಅತಿಥಿಗಳ ಸಂಖ್ಯೆಯ ವಿಷಯದಲ್ಲಿ ಅಬ್ದುರ್ರಹ್ಮಾನ್ ಬಿನ್ ಔಫ್(ರ) ಅವರ ಘಟನೆಯೊಂದಿದೆ. ಅವರ ಮೈಮೇಲಿದ್ದ ಹಳದಿ ಸುಗಂಧದ ಗುರುತು ಕಂಡು ಪ್ರವಾದಿವರ್ಯರು(ಸ) ವಿಚಾರಿಸಿದಾಗಲೇ ಅವರಿಗೆ ಮದುವೆಯಾದುದು ತಿಳಿದದ್ದು. ಅಷ್ಟು ಚಿಕ್ಕ ಊರಾಗಿದ್ದ ಮದೀನಾದಲ್ಲಿ, ಅಷ್ಟು ಹತ್ತಿರದ ಅನುಯಾಯಿಯೊಬ್ಬರು ಸ್ವತಃ ಪ್ರವಾದಿವರ್ಯರನ್ನೇ(ಸ) ಕರೆಯದೆ ವಿವಾಹವಾಗಿದ್ದರು! ಪ್ರವಾದಿವರ್ಯರು(ಸ) ಮುನಿಸಿಕೊಳ್ಳಲಿಲ್ಲ. ಅವರಿಗಾಗಿ ಪ್ರಾರ್ಥಿಸಿ, ಒಂದು ಆಡನ್ನಾದರೂ ಕೊಯ್ದು ವಲೀಮಾ ಕೊಡುವಂತೆ ಹೇಳಿದರು. ನಮ್ಮಲ್ಲಾದರೋ ಒಂದು ಪತ್ರಿಕೆ ತಲುಪದಿದ್ದರೆ ಅಣ್ಣ ತಮ್ಮಂದಿರು ವರ್ಷಗಟ್ಟಲೆ ಮಾತು ಬಿಡುತ್ತಾರೆ. ಆ ಮುನಿಸಿಗೆ ಹೆದರಿಯೇ ಮುನ್ನೂರರ ಪಟ್ಟಿ ಸಾವಿರಕ್ಕೆ ಏರುತ್ತದೆ. ಹೀಗಾಗಿ ಆಡಂಬರದ ಪಾಪ ಮದುವೆ ಮಾಡುವವನೊಬ್ಬನದ್ದೇ ಅಲ್ಲ. “ನಮ್ಮನ್ನು ಕರೆಯಲಿಲ್ಲ” ಎಂದು ಮುನಿಯುವ ನಾವೂ ಅದರಲ್ಲಿ ಪಾಲುದಾರರು.

ಶ್ರೀಮಂತರನ್ನು ಕರೆದು ಬಡವರನ್ನು ಬಿಟ್ಟ ವಲೀಮಾದ ಊಟ ಅತ್ಯಂತ ಕೆಟ್ಟ ಊಟವೆಂದು ಹದೀಸ್‌ನಲ್ಲಿದೆ. ಪಾತ್ರೆ ತೊಳೆಯಲು ಕರೆಸಿದ ಹೆಂಗಸಿನ ಹೆಸರು ನಿಮ್ಮ ಅತಿಥಿಗಳ ಪಟ್ಟಿಯಲ್ಲಿದೆಯೇ? ಇಲ್ಲದಿದ್ದರೆ ಈಗಲೇ ಸೇರಿಸಿ.

ಸಾಲದ ಲೆಕ್ಕ

ಎರಡು ದೀನಾರ್ ಸಾಲ ಉಳಿಸಿ ತೀರಿಕೊಂಡ ವ್ಯಕ್ತಿಯ ಜನಾಝ ನಮಾಝ್ ನಿರ್ವಹಿಸಲು ಪ್ರವಾದಿವರ್ಯರು(ಸ) ಮುಂದೆ ಬರಲಿಲ್ಲ. ಆ ಸಾಲ ತನ್ನ ಮೇಲಿರಲಿ ಎಂದು ಅಬೂ ಖತಾದಾ(ರ) ಹೊತ್ತುಕೊಂಡ ಬಳಿಕವೇ ನಮಾಝ್ ನಡೆಯಿತು. ಅಗತ್ಯಕ್ಕಾಗಿ ಸಾಲ ಮಾಡಲು ಇಸ್ಲಾಮ್ ಅನುಮತಿ ನೀಡಿದೆ. ಅದನ್ನು ಬರೆದಿಡಲು ಆಜ್ಞಾಪಿಸಿದೆ. ಆದರೆ ಅಲಂಕಾರಕ್ಕಾಗಿ ಮಾಡಿದ ಸಾಲ ಅಗತ್ಯದ ಸಾಲವೇ? ಅದರಲ್ಲೂ ಚಿನ್ನ ಅಡವಿಟ್ಟು ಬಡ್ಡಿಗೆ ಹಣ ತಂದರೆ, ಅಲ್ಲಾಹನ ಹೆಸರಿನಲ್ಲಿ ಆರಂಭವಾಗುವ ದಾಂಪತ್ಯಕ್ಕೆ ಅವನು ನಿಷೇಧಿಸಿದ ವಸ್ತುವಿನಿಂದಲೇ ಅಡಿಪಾಯ ಹಾಕಿದಂತಾಗುತ್ತದೆ.

ಈ ಸಾಲವನ್ನು ತೀರಿಸುವವರು ಯಾರು? ಎರಡನೇ ಮಗಳ ಮದುವೆ ಮುಂದಕ್ಕೆ ಹೋಗುತ್ತದೆ. ಮಗ ಕಾಲೇಜು ಬಿಟ್ಟು ದುಡಿಯಲು ಹೋಗುತ್ತಾನೆ. ಒಂದು ಸಂಜೆಯ ಊಟಕ್ಕೆ ಮನೆಯ ಉಳಿದ ಮಕ್ಕಳು ವರ್ಷಗಟ್ಟಲೆ ಬೆಲೆ ತೆರುತ್ತಾರೆ. ಊಟ ಮಾಡಿ ಹೋದವರಿಗೆ ಅದು ನೆನಪೂ ಇರುವುದಿಲ್ಲ.

ಸಂತೋಷಕ್ಕೆ ಅಡ್ಡಿಯಿಲ್ಲ

ಹಾಗಾದರೆ ಮದುವೆಮನೆ ಸಪ್ಪಗಿರಬೇಕೇ? ಖಂಡಿತ ಅಲ್ಲ. ಅನ್ಸಾರಿಯೊಬ್ಬರಿಗೆ ವಧುವನ್ನು ಕಳಿಸಿಕೊಟ್ಟಾಗ, ಅನ್ಸಾರ್‌ಗಳಿಗೆ ಹಾಡು ಇಷ್ಟವಲ್ಲವೇ, ಅದರ ಏರ್ಪಾಡು ಇರಲಿಲ್ಲವೇ ಎಂದು ಪ್ರವಾದಿವರ್ಯರೇ(ಸ) ಆಇಶಾರನ್ನು(ರ) ವಿಚಾರಿಸಿದ್ದರು. ರುಬಯ್ಯಿಅ್(ರ) ಅವರ ಮದುವೆಯಲ್ಲಿ ಪುಟ್ಟ ಹುಡುಗಿಯರು ದಫ್ ಬಾರಿಸಿ ಹಾಡುತ್ತಿದ್ದುದನ್ನು ಅವರು ಕುಳಿತು ಕೇಳಿದರು. ತನಗೆ ನಾಳೆಯ ವಿಷಯ ತಿಳಿದಿದೆಯೆಂಬ ಅರ್ಥದ ಒಂದು ಮಾತು ಬಂದಾಗ ಮಾತ್ರ ಅದನ್ನು ಬಿಟ್ಟು ಮೊದಲಿನದ್ದನ್ನೇ ಹಾಡುವಂತೆ ತಿದ್ದಿದರು. ಮದುರಂಗಿ, ಹೊಸ ಬಟ್ಟೆ, ಮಕ್ಕಳ ನಗು, ಹಿರಿಯರ ತಮಾಷೆ ಇವಕ್ಕೆ ಹೆಚ್ಚು ಖರ್ಚಿಲ್ಲ. ಮದುವೆಯ ನಿಜವಾದ ಸಂತೋಷ ಇವುಗಳಲ್ಲೇ ಇದೆ.

ಪಟ್ಟಿ ಬರೆಯುವ ಕ್ರಮ

ಇನ್ನು ಕಾಗದ ಕೈಗೆತ್ತಿಕೊಳ್ಳಿರಿ.

1. ಮೊದಲು ವಧೂವರರ ಮನಃಪೂರ್ವಕ ಸಮ್ಮತಿ. ಮುಂಗಡ ಕೊಡುವುದೆಲ್ಲ ಅದರ ಬಳಿಕ.

2. ಎರಡನೆಯದು ಮಹ್ರ್. ಎಷ್ಟು, ಏನು, ಎಂದು ಕೊಡುವುದು ಎಂಬುದನ್ನು ನಿಶ್ಚಯದ ದಿನವೇ ಬರೆಯಿರಿ. ದಫ್ತರಿನ ಪ್ರತಿಯನ್ನು ವಧುವಿನ ಕೈಯಲ್ಲಿಡಿ.

3. ಮೂರನೆಯದು ಕೈಯಲ್ಲಿರುವ ಹಣ. ಸಾಲವಿಲ್ಲದೆ ಎಷ್ಟಾಗುತ್ತದೆಂದು ಪತಿಪತ್ನಿ ಕುಳಿತು ಲೆಕ್ಕ ಹಾಕಿ, ಆ ಅಂಕೆಯ ಕೆಳಗೆ ಗೆರೆ ಎಳೆಯಿರಿ. ಉಳಿದ ಮಕ್ಕಳ ಓದಿನ ಹಣವನ್ನು ಈ ಲೆಕ್ಕಕ್ಕೆ ಸೇರಿಸಬೇಡಿ.

4. ಅತಿಥಿಗಳ ಸಂಖ್ಯೆ ಆ ಗೆರೆಯೊಳಗೆ ಬರಲಿ. ಎರಡು ಮನೆಯವರೂ ಮಾತನಾಡಿ ಒಂದೇ ಔತಣ ಸಾಕೆಂದು ತೀರ್ಮಾನಿಸಿದರೆ ಅರ್ಧ ಭಾರ ಇಳಿಯುತ್ತದೆ.

5. ಆಹ್ವಾನ ಪತ್ರಿಕೆ ಸರಳವಾಗಿರಲಿ. ಕುರ್‌ಆನಿನ ಸೂಕ್ತ ಅಚ್ಚು ಹಾಕಿಸಿದ ಪತ್ರಿಕೆ ಮರುದಿನ ಕಸದ ಬುಟ್ಟಿಯಲ್ಲಿರುತ್ತದೆಂಬುದು ನೆನಪಿರಲಿ.

6. ಅಡುಗೆಯ ಲೆಕ್ಕ ಬಿಗಿಯಾಗಿರಲಿ. ಸಾವಿರ ಮಂದಿಗೆ ಬೇಯಿಸಿ ಎಂಟುನೂರು ಮಂದಿ ಬಂದರೆಂದು ಇಟ್ಟುಕೊಳ್ಳಿ. ಕಿಲೋ ಅಕ್ಕಿಗೆ ಎಂಟು ಮಂದಿಯೆಂದು ಹಿಡಿದರೂ 25 ಕಿಲೋ ಅಕ್ಕಿಯ ಅನ್ನ, ಅದಕ್ಕೆ ತಕ್ಕ ಮಾಂಸ ಉಳಿಯುತ್ತದೆ. ಉಳಿದುದನ್ನು ಎಲ್ಲಿಗೆ, ಯಾರು, ಯಾವ ವಾಹನದಲ್ಲಿ ಒಯ್ಯಬೇಕೆಂದು ಹಿಂದಿನ ದಿನವೇ ಗೊತ್ತುಮಾಡಿ. ಮಾಂಸದ ಅಡುಗೆಯನ್ನು ಒಲೆಯಿಂದ ಇಳಿಸಿದ ಮೇಲೆ ಎರಡು ಗಂಟೆಗಿಂತ ಹೆಚ್ಚು ಹೊರಗಿಡಬಾರದು. ಕೆಟ್ಟ ಅನ್ನವನ್ನು ಬಡವರಿಗೆ ಕೊಡುವುದು ದಾನವಲ್ಲ.

7. ನಮಾಝಿನ ವೇಳೆಗಳನ್ನು ಕಾರ್ಯಕ್ರಮದ ಪಟ್ಟಿಯಲ್ಲೇ ಬರೆಯಿರಿ. ವುಝೂಗೆ ನೀರು, ಸ್ತ್ರೀಯರಿಗೆ ಪ್ರತ್ಯೇಕ ಜಾಗ ಇದೆಯೇ ಎಂದು ಮೊದಲೇ ನೋಡಿರಿ. ಮದುವೆಯ ದಿನ ವಧೂವರರ ಅಸರ್ ತಪ್ಪಿಹೋಗುವುದು ನಮ್ಮಲ್ಲಿ ಯಾರಿಗೂ ದೊಡ್ಡದಾಗಿ ಕಾಣದಿರುವುದು ದುಃಖದ ಸಂಗತಿ.

ಇದನ್ನು ಯಾರಾದರೂ ಮೊದಲು ಆರಂಭಿಸಬೇಕು. ಬಡವನು ಸರಳ ಮದುವೆ ಮಾಡಿದರೆ ಜನರು ಅದನ್ನು ಅವನ ಬಡತನವೆನ್ನುತ್ತಾರೆ. ಉಳ್ಳವನು ಮಾಡಿದರೆ ಅದು ಮಾದರಿಯಾಗುತ್ತದೆ, ಬೀದಿಯ ಹತ್ತು ತಂದೆಯಂದಿರ ಹೆಗಲಿನ ಭಾರ ಇಳಿಯುತ್ತದೆ. ಆದುದರಿಂದ ಅಲ್ಲಾಹನು ಯಾರಿಗೆ ಸಾಮರ್ಥ್ಯ ನೀಡಿದ್ದಾನೋ ಅವರೇ ಮೊದಲ ಹೆಜ್ಜೆ ಇಡಲಿ. ಜಮಾಅತಿನ ಹಿರಿಯರು ತಮ್ಮ ಮನೆಯ ಮದುವೆಯಿಂದಲೇ ಆರಂಭಿಸಲಿ.

ನಮ್ಮ ಮಕ್ಕಳ ದಾಂಪತ್ಯದಲ್ಲಿ ಅಲ್ಲಾಹನು ಪ್ರೀತಿಯನ್ನೂ ಕರುಣೆಯನ್ನೂ ತುಂಬಲಿ. ನಮ್ಮ ಮನೆಗಳನ್ನು ಸಾಲದಿಂದಲೂ ಆಡಂಬರದಿಂದಲೂ ಕಾಪಾಡಲಿ. ಆಮೀನ್.