ಲಾರಿಯ ಎಡಗನ್ನಡಿ

ಚೆನ್ನೈ ಊರೊಳಗೆ ಲಾರಿ ಓಡಿಸುವವನಿಗೆ ಎಡಗಡೆಯ ಕನ್ನಡಿಯೇ ಜೀವ. ಬಲಗಡೆಯಾದರೆ ಕತ್ತು ಹೊರಗೆ ಹಾಕಿ ನೋಡಬಹುದು. ಎಡಗಡೆ ಆ ಒಂದು ಗಾಜು ಬಿಟ್ಟರೆ ಬೇರೆ ಕಣ್ಣಿಲ್ಲ. ಹಾರ್ಬರಿಗೆ ಹೋಗುವ ಎಣ್ಣೂರು ರಸ್ತೆಯಲ್ಲಿ ಕಂಟೇನರ್ ಲಾರಿಗಳು ಸಾಲುಗಟ್ಟಿ ನಿಂತಾಗ ಬೈಕುಗಳು ನುಗ್ಗುವುದು ಎಡಗಡೆಯ ಸಂದಿಯಲ್ಲೇ. ಕನ್ನಡಿ ಅದುರುತ್ತಿದ್ದರೆ ಒಂದು ಬೈಕು ಎರಡಾಗಿ ಮಸುಕುಮಸುಕಾಗಿ ಕಾಣುತ್ತದೆ. ಉಬ್ಬುಗಾಜು ಮೊದಲೇ ಎಲ್ಲವನ್ನೂ ಇರುವುದಕ್ಕಿಂತ ದೂರ ತೋರಿಸುವಂಥದ್ದು. ಅದರ ಮೇಲೆ ಈ ಅದುರಾಟವೂ ಸೇರಿದರೆ ಲಾರಿಯನ್ನು ಎಡಕ್ಕೆ ತಿರುಗಿಸುವಾಗ ಎದೆ ಹೊಡೆದುಕೊಳ್ಳುತ್ತದೆ.

ನನ್ನದು ಹಳೆಯ ಅಶೋಕ್ ಲೇಲ್ಯಾಂಡ್. 1948ರಲ್ಲಿ ಅಶೋಕ್ ಮೋಟರ್ಸ್ ಎಂದು ಹುಟ್ಟಿ 1955ರಲ್ಲಿ ಈ ಹೆಸರು ಪಡೆದ ಕಂಪನಿಯ ಕಾರ್ಖಾನೆ ಇಲ್ಲೇ ಎಣ್ಣೂರಿನಲ್ಲಿದೆ. ಹಾಗೆಂದು ಕನ್ನಡಿಯ ಬ್ರಾಕೆಟ್ ಅಂಗಡಿಯಲ್ಲಿ ಅಳತೆಗೆ ಸರಿಯಾಗಿ ಸಿಗುತ್ತದೆ ಎಂದುಕೊಳ್ಳಬೇಡಿ. ನನ್ನದರಂಥ ಎಷ್ಟೋ ಲಾರಿಗಳು ಕಾರ್ಖಾನೆಯಿಂದ ಬರೀ ಚಾಸಿಯಾಗಿ ಹೊರಬಿದ್ದವು. ಕ್ಯಾಬಿನ್ ಕಟ್ಟಿದ್ದು ನಾಮಕ್ಕಲ್ ಕಡೆಯ ಬಾಡಿ ಬಿಲ್ಡರುಗಳು. ಒಳಗೆ ಮರದ ಚೌಕಟ್ಟು, ಮೇಲೆ ತಗಡು. ಒಂದೊಂದು ಲಾರಿಯದೂ ಒಂದೊಂದು ಅಳತೆ.

ಕನ್ನಡಿ ಸಡಿಲವಾದರೆ ಎಲ್ಲರೂ ಮೊದಲು ಸ್ಪ್ಯಾನರ್ ಹಿಡಿಯುತ್ತಾರೆ. ಮಾಧವರಂ ಶೆಡ್ಡಿನ ಟಿಂಕರ್ ನನ್ನ ಕೈಯಿಂದ ಸ್ಪ್ಯಾನರ್ ತೆಗೆದಿಟ್ಟು, "ಅಣ್ಣಾ, ಮೊದಲು ಅಲ್ಲಾಡಿಸಿ ನೋಡಿ" ಎಂದು ತಮಿಳಿನಲ್ಲಿ ಹೇಳಿದ. ಒಂದು ಕೈಯಲ್ಲಿ ಕನ್ನಡಿ ಕೂತಿರುವ ಕಂಬಿ ಹಿಡಿದು ಇನ್ನೊಂದರಲ್ಲಿ ಕನ್ನಡಿ ಅಲ್ಲಾಡಿಸಬೇಕು. ಕನ್ನಡಿ ಮಾತ್ರ ಆಡಿದರೆ ತಪ್ಪು ಕನ್ನಡಿ ತಿರುಗಿಸಲು ಹಿಂದೆ ಇರುವ ಗುಂಡಿನದೋ (ಬಾಲ್ ಜಾಯಿಂಟ್) ಕ್ಲ್ಯಾಂಪಿನದೋ. ಆಮೇಲೆ ಬ್ರಾಕೆಟ್ ಮೇಲೆ ಬೆರಳಿಟ್ಟು ಕಂಬಿಯನ್ನು ಅಲ್ಲಾಡಿಸಬೇಕು. ಬ್ರಾಕೆಟ್ಟೇ ಉಸಿರಾಡಿದರೆ ನಟ್ಟು ಎಷ್ಟು ಬಿಗಿದರೂ ವ್ಯರ್ಥ.

ನನ್ನ ಲಾರಿಯಲ್ಲಿ ಆಗಿದ್ದು ಅದೇ. ಬ್ರಾಕೆಟ್ ಬಿಚ್ಚಿದಾಗ ವಾಷರಿನ ಅಡಿಯಲ್ಲಿ ತಗಡು ಕೂದಲೆಳೆಯಷ್ಟು ಸೀಳಿತ್ತು. ಸೀಳಿನಿಂದ ಕೆಂಪು ತುಕ್ಕು ಕೆಳಕ್ಕೆ ಇಳಿದಿತ್ತು. ಬೋಲ್ಟಿನ ತೂತು ದುಂಡಗಿರದೆ ಮೊಟ್ಟೆಯಾಕಾರಕ್ಕೆ ಅಗಲವಾಗಿತ್ತು. ಒಳಗಿನ ಮರಕ್ಕೆ ಸ್ಕ್ರೂಡ್ರೈವರ್ ಚುಚ್ಚಿದರೆ ಸಲೀಸಾಗಿ ಇಳಿಯಿತು. ಕಾಸಿಮೇಡು, ತಿರುವೊತ್ತಿಯೂರು ಕಡೆಯ ಉಪ್ಪುಗಾಳಿಯಲ್ಲಿ ದಿನವೂ ನಿಲ್ಲುವ ಲಾರಿಯ ತಗಡು ಹೊರಗೆ ಬಣ್ಣ ಚೆನ್ನಾಗಿದ್ದರೂ ಒಳಗೊಳಗೇ ಹೀಗೆ ತಿಂದುಹೋಗುತ್ತದೆ.

ಕೊಳೆತಷ್ಟು ಮರ ಕತ್ತರಿಸಿ ಹೊಸ ತುಂಡು ಕೂರಿಸಿದೆವು. ಸೀಳಿಗೆ ವೆಲ್ಡಿಂಗ್ ಮಾಡಿ ರೆಡ್ ಆಕ್ಸೈಡ್ ಬಳಿದೆವು. ಕ್ಯಾಬಿನ್ನಿನ ಒಳಗಡೆಯಿಂದ ಅಂಗೈಯಗಲದ 3 ಮಿಲಿಮೀಟರ್ ದಪ್ಪದ ಪಟ್ಟಿಯೊಂದನ್ನು ಕೊಟ್ಟೆವು. ಭಾರವೆಲ್ಲ ಒಂದು ತೂತಿನ ಅಂಚಿನ ಮೇಲೆ ಬೀಳದೆ ಅಷ್ಟಗಲಕ್ಕೆ ಹರಡಲಿ ಎಂದು. ಎಂ8 ಬೋಲ್ಟಿಗೆ ನೈಲಾನ್ ಉಂಗುರವಿರುವ ಹೊಸ ನೈಲಾಕ್ ನಟ್ಟು. ಒಮ್ಮೆ ಬಿಚ್ಚಿದ ನೈಲಾಕನ್ನು ಮತ್ತೆ ಹಾಕಬಾರದು, ಅದರ ಹಿಡಿತ ಹೋಗಿರುತ್ತದೆ. ಕಂಬಿ ಕ್ಲ್ಯಾಂಪಿನಲ್ಲಿ ಜಾರದಿರಲು ಹಳೇ ಟ್ಯೂಬಿನ ತೆಳ್ಳನೆ ತುಂಡು ಸಾಕು. ಬ್ರಾಕೆಟ್ಟಿನ ಅಡಿಗೆ ದಪ್ಪ ರಬ್ಬರ್ ಕೊಡುವ ಅಭ್ಯಾಸ ನನಗೆ ಸರಿಕಾಣುವುದಿಲ್ಲ. ರಬ್ಬರ್ ಅಮುಕಿದಂತೆಲ್ಲ ಕನ್ನಡಿ ತೂಗುತ್ತದೆ.

ನಿಜವಾದ ಗುಣ ಕಂಡದ್ದು ಕೆಳಗಿನಿಂದ ಇನ್ನೊಂದು ಆಸರೆಕಂಬಿ ಕೊಟ್ಟಾಗ. ಮೇಲೊಂದು, ಕೆಳಗೊಂದು ಸೇರಿ ತ್ರಿಕೋನವಾದರೆ ಉದ್ದದ ಕಂಬಿ ಒನೆಯುವುದಿಲ್ಲ. ಅದಕ್ಕೆ ಬೇಕಾದ ದಪ್ಪ ಪೈಪು ಪುದುಪೇಟೆಯ ಹಳೇ ಸಾಮಾನಿನ ಅಂಗಡಿಯಲ್ಲಿ ಸಿಕ್ಕಿತು. ಗುಂಡಿನ ಜೊತೆ ಹೊಸ ಕನ್ನಡಿ ಬೇಕಾದವರು ಜನರಲ್ ಪ್ಯಾಟರ್ಸ್ ರಸ್ತೆಗೆ ಹೋಗುವುದು ಒಳ್ಳೆಯದು.

ಇಷ್ಟೆಲ್ಲ ಆದಮೇಲೂ ಗಾಡಿ ನಿಂತು ಇಂಜಿನ್ ಓಡುವಾಗ ಮಾತ್ರ ಕನ್ನಡಿ ನಡುಗಿ, ವೇಗ ಹಿಡಿದೊಡನೆ ಸ್ಥಿರವಾಗುತ್ತಿದ್ದರೆ ಇಂಜಿನ್ ಮೌಂಟಿಂಗ್ ರಬ್ಬರನ್ನು ನೋಡಿಸಿ. ಕನ್ನಡಿಯನ್ನು ಬೈದು ಫಲವಿಲ್ಲ. ಎಂಟು ವರ್ಷ ದಾಟಿದ ಲಾರಿಗೆ ವರ್ಷವರ್ಷವೂ ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್) ಮಾಡಿಸಬೇಕು, ಅಲ್ಲಿ ಕನ್ನಡಿ ಇದೆಯೇ ಎಂದು ನೋಡುತ್ತಾರೆ. ಅದರಲ್ಲಿ ಹಿಂದಿನ ಬೈಕು ಸ್ಪಷ್ಟವಾಗಿ ಕಾಣುತ್ತದೆಯೇ ಎಂದು ನೋಡಿಕೊಳ್ಳುವುದು ನಮ್ಮ ಪಾಲಿನ ಕೆಲಸ.

ಈಗ ಪ್ರತಿ ನಟ್ಟಿನಿಂದ ಬ್ರಾಕೆಟ್ಟಿನವರೆಗೆ ಬಿಳಿ ಪೇಂಟಿನ ಒಂದು ಗೆರೆ ಎಳೆದಿದ್ದೇನೆ. ಬೆಂಗಳೂರು ಕಡೆಯ ಲೋಡಿನಲ್ಲಿ ವಾಲಾಜಾಪೇಟೆ ಹತ್ತಿರ ಟೀಗೆ ಇಳಿದಾಗ ಗೆರೆ ಮುರಿದಿದೆಯೇ ನೋಡುತ್ತೇನೆ. ಮುರಿದಿದ್ದರೆ ನಟ್ಟು ತಿರುಗಿದೆ ಎಂದರ್ಥ. 13ರ ಸ್ಪ್ಯಾನರ್ ಸೀಟಿನ ಪಕ್ಕದಲ್ಲೇ ಇರುತ್ತದೆ.