ಬಾಗಿಲಿನ ಹೊಟ್ಟೆಯೊಳಗಿನ ತುಕ್ಕು

ಪ್ರಶ್ನೆ: ನಮ್ಮ ಮನೆಯಲ್ಲಿ ಹಳೆಯ ಟಾಟಾ 407 ಇದೆ. ಎಳನೀರು, ಮಾವು, ಗೊಬ್ಬರ ಎಲ್ಲವನ್ನೂ ಅದರಲ್ಲೇ ಸಾಗಿಸಿದ್ದೇವೆ. ಈಗ ಬಾಗಿಲಿನ ತಳ, ಕ್ಯಾಬಿನ್ನಿನ ನೆಲ ತುಕ್ಕು ಹಿಡಿದು ತೂತಾಗಿವೆ. ನಮ್ಮದು ಮಂಗಳೂರಿನಂತೆ ಸಮುದ್ರದ ಊರಲ್ಲ, ಆದರೂ ಹೀಗೇಕೆ? ಗೇಟು ಬೆಸೆಯಲೆಂದು ತಂದ ಸಣ್ಣ ವೆಲ್ಡಿಂಗ್ ಮೆಷಿನ್ ಇದೆ. ನಾನೇ ತೇಪೆ ಹಾಕಬಹುದೇ? ಎಫ್‌ಸಿಗೆ (ಫಿಟ್‌ನೆಸ್ ಸರ್ಟಿಫಿಕೇಟ್‌ಗೆ) ತೊಂದರೆಯಾಗುತ್ತದೆಯೇ?
— ಓದುಗರೊಬ್ಬರು, ಹೊಂಗನೂರು, ಚನ್ನಪಟ್ಟಣ ತಾಲ್ಲೂಕು

ಉತ್ತರ: ಹಾಕಬಹುದು. ಆದರೆ ಎಲ್ಲೆಂದರಲ್ಲಿ ಬೇಡ. ಮೆಷಿನ್ ಆನ್ ಮಾಡುವ ಮೊದಲು ಮಾಡಬೇಕಾದ ಕೆಲಸವೇ ಹೆಚ್ಚಿದೆ.

ಸಮುದ್ರದ ಮಾತು ಮೊದಲು ಮುಗಿಸೋಣ. ತುಕ್ಕಿಗೆ ಕಬ್ಬಿಣ, ನೀರು, ಗಾಳಿ ಇಷ್ಟಿದ್ದರೆ ಸಾಕು. ಉಪ್ಪು ಸೇರಿದರೆ ಅದರ ಓಟ ಜೋರಾಗುತ್ತದೆ. ಆ ಉಪ್ಪನ್ನು ನೀವೇ ಹೇರಿಕೊಂಡು ಬಂದಿದ್ದೀರಿ. ತೋಟಕ್ಕೆ ಹಾಕುವ ಪೊಟ್ಯಾಷ್ ಎಂದರೆ ಪೊಟ್ಯಾಸಿಯಂ ಕ್ಲೋರೈಡ್, ಅಡುಗೆ ಉಪ್ಪಿನ ಖಾಸಾ ನೆಂಟ. ಮೂಟೆ ಹರಿದು ಚೆಲ್ಲಿದ ಪುಡಿ ಹಲಗೆಯ ಸಂದಿಗೆ ಇಳಿದು, ಮೊದಲ ಮಳೆಗೆ ಕರಗಿ, ತಗಡಿನ ಮಡಿಕೆಗಳಲ್ಲಿ ಕೂರುತ್ತದೆ. ಮದ್ದೂರು ಮಾರುಕಟ್ಟೆಗೆ ಹೋಗುವಾಗ ಒಡೆದ ಎಳನೀರು, ಮಾವಿನ ಕಾಲದಲ್ಲಿ ಕೊಳೆತ ಹಣ್ಣಿನ ಹುಳಿರಸ, ಮಡ್‌ಗಾರ್ಡಿನ ಒಳಮೈಗೆ ಮೆತ್ತಿಕೊಂಡು ತಿಂಗಳುಗಟ್ಟಲೆ ತೇವ ಹಿಡಿದಿಡುವ ಕೆಮ್ಮಣ್ಣು, ಇವೆಲ್ಲ ಸೇರಿದರೆ ಸಮುದ್ರವೇ ಬೇಕಾಗಿಲ್ಲ.

ಬಾಗಿಲಿನ ಕಥೆ ಬೇರೆ. ಗಾಜು ಇಳಿಯುವ ಸಂದಿಯ ರಬ್ಬರ್ ಒಣಗಿ ಬಿರಿದ ಮೇಲೆ ಮಳೆನೀರು ಒಳಗೇ ಇಳಿಯುತ್ತದೆ. ಹಾಗೆ ಇಳಿದ ನೀರು ಹೊರಗೆ ಹೋಗಲೆಂದೇ ಬಾಗಿಲಿನ ತಳದಲ್ಲಿ ಸಣ್ಣ ತೂತುಗಳಿರುತ್ತವೆ. ಕೂತು, ತಲೆ ಬಗ್ಗಿಸಿ ಕೆಳಗಿನಿಂದ ನೋಡಿ: ಧೂಳು, ಹಳೇ ಬಣ್ಣ, ಹುಲ್ಲಿನ ಎಸಳು ಸೇರಿ ಅವು ಗಟ್ಟಿಯಾಗಿ ಮುಚ್ಚಿರುತ್ತವೆ. ನೀರು ಅಲ್ಲೇ ನಿಲ್ಲುತ್ತದೆ. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಹಲವು ಪಟ್ಟು ಹೆಚ್ಚು ಜಾಗ ಬೇಡುತ್ತದೆ. ಆದ್ದರಿಂದ ಎರಡು ತಗಡು ಮಡಚಿ ಕೂಡಿಸಿದ ಅಂಚು ಉಬ್ಬಿ ಬಾಯಿ ಬಿಡುತ್ತದೆ. ಹೊರಗಿನ ಬಣ್ಣದ ಮೇಲೆ ಗುಳ್ಳೆ ಕಾಣುವ ಹೊತ್ತಿಗೆ ಒಳಗಿನ ಕೆಲಸ ಮುಗಿದಿರುತ್ತದೆ.

ಹಾಗಾಗಿ ಕಾಣುವ ತೂತನ್ನು ಅಳೆದು ತೇಪೆ ಕತ್ತರಿಸಬೇಡಿ. ಸಣ್ಣ ಸುತ್ತಿಗೆಯಿಂದ ಸುತ್ತಲೂ ತಟ್ಟಿ. ಗಟ್ಟಿ ತಗಡು ಟಣ್ ಎನ್ನುತ್ತದೆ, ಸತ್ತದ್ದು ಡಬ್ ಎನ್ನುತ್ತದೆ. ಅನುಮಾನ ಬಂದಲ್ಲಿ ಸ್ಕ್ರೂಡ್ರೈವರ್ ಚುಚ್ಚಿ. ಎರಡು ಬೆರಳಗಲದ ತೂತು ಒಂದು ಗೇಣಾದರೆ ಗಾಬರಿಯಾಗಬೇಡಿ, ಆಗುವುದೇ ಹಾಗೆ. ಬಿಳಿ ಹೊಳಪಿನ ಲೋಹ ಸಿಗುವವರೆಗೂ ಗ್ರೈಂಡರಿನಲ್ಲಿ ಕತ್ತರಿಸಿ ತೆಗೆಯಿರಿ. ತುಕ್ಕಿನ ಮೇಲೆ ಪುಟ್ಟಿ ಮೆತ್ತಿ ಬಣ್ಣ ಹೊಡೆದರೆ ಮುಂದಿನ ಮಳೆಗಾಲಕ್ಕೆ ಮತ್ತೆ ಗುಳ್ಳೆ. ಗಾಡಿ ಮಾರುವವರ ಉಪಾಯ ಅದು, ಇಟ್ಟುಕೊಳ್ಳುವವರದ್ದಲ್ಲ. ತುಕ್ಕನ್ನು ಕಪ್ಪಾಗಿಸುವ ದ್ರಾವಣಗಳು ಮೇಲ್ಮೈ ತುಕ್ಕಿಗೆ ಸರಿ. ಅವುಗಳಲ್ಲಿ ಕೆಲವುಗಳ ಗುಟ್ಟು ಟ್ಯಾನಿಕ್ ಆಮ್ಲ. ಹಿಂದೆ ಅಳಲೆಕಾಯಿಯ ಒಗರಿಗೆ ಕಬ್ಬಿಣ ಸೇರಿಸಿ ಮಸಿ ಮಾಡುತ್ತಿದ್ದುದೂ ಇದೇ ರಸಾಯನ. ತೂತು ಬಿದ್ದ ಮೇಲೆ ಈ ದ್ರಾವಣಗಳಿಂದ ಪ್ರಯೋಜನವಿಲ್ಲ.

ಈಗ ಮೆಷಿನ್ನಿಗೆ ಬನ್ನಿ. ಗೇಟಿನ ಆಂಗಲ್ ಐದಾರು ಮಿಲಿಮೀಟರ್ ದಪ್ಪ. ಕ್ಯಾಬಿನ್ನಿನ ತಗಡು ಒಂದು ಮಿಲಿಮೀಟರ್ ಆಸುಪಾಸು. ಗೇಟಿಗೆ ಬಳಸುವ 10 ನಂಬರ್ ರಾಡ್ ಹಿಡಿದು ಬಾಗಿಲು ಮುಟ್ಟಿದರೆ ತೇಪೆ ಹಾಕುವ ಬದಲು ಹೊಸ ತೂತು ಮಾಡುತ್ತೀರಿ. ಇದಕ್ಕೆ 0.8 ಮಿಲಿಮೀಟರ್ ತಂತಿಯ ಮಿಗ್ ಮೆಷಿನ್ ಸರಿಯಾದದ್ದು; ಹಳೆಯ ಟಿಂಕರ್‌ಗಳು ಗ್ಯಾಸ್ ವೆಲ್ಡಿಂಗ್‌ನಲ್ಲೇ ಚೆಂದ ಮಾಡುತ್ತಾರೆ. ಇರುವುದರಲ್ಲೇ ಮಾಡುತ್ತೇನೆಂದರೆ 2 ಮಿಲಿಮೀಟರ್ ರಾಡ್ ತನ್ನಿ, ಕರೆಂಟನ್ನು 40–50 ಆಂಪ್ಸ್‌ಗೆ ಇಳಿಸಿ, ಕ್ಯಾಬಿನ್ನಿನ ನೆಲದಿಂದ ಶುರು ಮಾಡಿ. ಅಲ್ಲಿಗೆ 18 ಗೇಜಿನ ಸಿಆರ್ ಶೀಟ್ ಸಾಕು, ಅಂಕುಡೊಂಕಾದರೂ ಮ್ಯಾಟ್ ಮುಚ್ಚುತ್ತದೆ. ಬಾಗಿಲಿನ ಹೊರಮೈಯನ್ನು ಮಾತ್ರ ಕೈ ಪಳಗಿದವರಿಗೆ ಬಿಡಿ. ಅಗ್ಗವೆಂದೋ ತುಕ್ಕು ಹಿಡಿಯದೆಂದೋ ಜಿಐ ಶೀಟ್ ತರಬೇಡಿ; ಅದರ ಸತುವಿನ ಹೊಗೆ ಕುಡಿದರೆ ರಾತ್ರಿ ಚಳಿಜ್ವರ ಗ್ಯಾರಂಟಿ.

ತೇಪೆಯ ಮೂಲೆಗಳನ್ನು ಗುಂಡಗೆ ಕತ್ತರಿಸಿ, ಚೂಪು ಮೂಲೆಯಲ್ಲಿ ಬಿರುಕು ಬೇಗ ಹುಟ್ಟುತ್ತದೆ. ಒಂದೇ ಗೆರೆಯಾಗಿ ಎಳೆಯದೆ, ಇಲ್ಲೊಂದು ಟ್ಯಾಕ್, ಎದುರು ಬದಿಗೆ ಒಂದು ಟ್ಯಾಕ್, ಆರಲು ಬಿಟ್ಟು ಮತ್ತೊಂದು, ಹೀಗೆ ಸುತ್ತಿ ಬನ್ನಿ. ಆತುರಪಟ್ಟರೆ ತಗಡು ಕಾದು ಹಪ್ಪಳವಾಗುತ್ತದೆ. ಸಣ್ಣ ತೂತು ತುಂಬಿಸುವಾಗ ಹಿಂದೆ ತಾಮ್ರದ ಪಟ್ಟಿಯೊಂದನ್ನು ಒತ್ತಿ ಹಿಡಿದರೆ ಕರಗಿದ ಉಕ್ಕು ಕೆಳಗೆ ಬೀಳದು, ತಾಮ್ರಕ್ಕೂ ಅಂಟದು. ಕೊನೆಗೆ ಒಳಮೈ: ಬೆಸುಗೆಯ ಕಾವಿಗೆ ಹಿಂಬದಿಯ ಬಣ್ಣ ಪೂರಾ ಸುಟ್ಟಿರುತ್ತದೆ. ಅಲ್ಲಿಗೆ ಪ್ರೈಮರ್, ಜೋಡಣೆಗೆ ಸೀಲೆಂಟ್ ಹಾಕದಿದ್ದರೆ ತುಕ್ಕು ಅಲ್ಲಿಂದಲೇ ಮತ್ತೆ ಶುರು. ನೀರಿಳಿಯುವ ತೂತುಗಳನ್ನು ಮಾತ್ರ ಮುಚ್ಚಬೇಡಿ.

ಅಪಾಯದ ಮಾತು. ಬ್ಯಾಟರಿಯ ಎರಡೂ ವೈರು ಬಿಚ್ಚಿ, ಸೀಟು, ಮ್ಯಾಟು, ಗೋಣಿಚೀಲ ಹೊರಗೆಸೆಯಿರಿ. ಮುಂದಿನ ಗಾಜಿಗೆ ಒದ್ದೆ ಗೋಣಿ ಹೊದಿಸಿ, ಇಲ್ಲದಿದ್ದರೆ ಗ್ರೈಂಡರಿನ ಕಿಡಿ ಗಾಜಿಗೆ ಕಚ್ಚಿ ಕೂರುತ್ತದೆ. ಡೀಸೆಲ್ ಟ್ಯಾಂಕಿಗೆ ತುಕ್ಕು ಬಂದಿದ್ದರೆ ಬೆಸೆಯಲು ಹೋಗದೆ ಟ್ಯಾಂಕ್ ಬದಲಿಸಿ. ಖಾಲಿ ಟ್ಯಾಂಕಿನ ಆವಿ ಸಿಡಿದು ಜೀವ ಹೋಗಿದೆ. ಶೀಲ್ಡ್ ಇಲ್ಲದೆ ಬೆಳಕು ನೋಡಿದರೆ ಕಣ್ಣುರಿ ಆಗಲೇ ಗೊತ್ತಾಗುವುದಿಲ್ಲ, ನಡುರಾತ್ರಿ ಎಬ್ಬಿಸುತ್ತದೆ. ಆಲೂಗಡ್ಡೆ ಬಿಲ್ಲೆ, ಎದೆಹಾಲು ಬಿಟ್ಟು ಕಣ್ಣಿನ ವೈದ್ಯರ ಹತ್ತಿರ ಹೋಗಿ. ಚಾಸಿಯ ತಂಟೆಗೆ ಹೋಗಬೇಡಿ. ಭಾರವೆಲ್ಲ ಹೊರುವುದು ಅದೇ. ತಪ್ಪು ಜಾಗದಲ್ಲಿ ಬಿದ್ದ ಬೆಸುಗೆ ಅದನ್ನು ಅಲ್ಲೇ ಬಿರಿಯಿಸುತ್ತದೆ.

ಎಫ್‌ಸಿ ವಿಷಯ: 8 ವರ್ಷ ದಾಟಿದ ಸಾರಿಗೆ ವಾಹನಕ್ಕೆ ಪ್ರತಿ ವರ್ಷ ಎಫ್‌ಸಿ ಬೇಕು. ನೀಟಾದ ತೇಪೆಗೆ ಸಾಮಾನ್ಯವಾಗಿ ತಕರಾರಿಲ್ಲ. ತೂತು ಬಿದ್ದ ನೆಲ, ಚಾಚಿಕೊಂಡ ತಗಡು, ಸರಿಯಾಗಿ ಮುಚ್ಚದ ಬಾಗಿಲು ಉಳಿದರೆ ತೊಂದರೆ. ಬಣ್ಣವನ್ನೇ ಬೇರೆ ಮಾಡಿಸುವುದಾದರೆ ಆರ್‌ಸಿಯಲ್ಲಿ ನಮೂದಾಗಬೇಕು. ಚಾಸಿಯ ಮೇಲೆ ಪಂಚ್ ಮಾಡಿದ ನಂಬರ್ ಎಲ್ಲಿದೆ ಎಂದು ಮೊದಲೇ ಹುಡುಕಿ ಗುರುತು ಹಾಕಿಡಿ. ತುಕ್ಕು ತೆಗೆಯುವ ಭರದಲ್ಲಿ ಅದರ ಮೇಲೆ ಗ್ರೈಂಡರ್ ಹರಿದರೆ, ಗಾಡಿ ನಿಮ್ಮದೇ ಎಂದು ತೋರಿಸಲು ಆರ್‌ಟಿಓ ಕಚೇರಿಗೆ ಅಲೆಯಬೇಕಾಗುತ್ತದೆ.