ಗಾಜಿನ ಪೆಟ್ಟಿಗೆಯೊಳಗೆ ಸಂಪು, ಮೋಟರ್ ಮತ್ತು ಪುಟ್ಟ ಮಳೆಕಾಡು

1829ರಲ್ಲಿ ಲಂಡನ್ನಿನ ಡಾಕ್ಟರ್ ನಥೇನಿಯಲ್ ವಾರ್ಡ್ ಪತಂಗದ ಕೋಶವನ್ನ ಒದ್ದೆ ಮಣ್ಣಿನ ಜೊತೆ ಬಾಟಲಿಯೊಳಗೆ ಇಟ್ಟು ಮುಚ್ಚಿದ್ರು. ಆ ಮಣ್ಣಲ್ಲಿ ತಾನಾಗೇ ಒಂದು ಜರೀಗಿಡ ಹುಟ್ಟಿತು. ಆವಿಯಾದ ನೀರು ಗಾಜಿಗೆ ತಾಗಿ, ಹನಿಯಾಗಿ, ಮತ್ತೆ ಮಣ್ಣಿಗೇ ಇಳೀತಿತ್ತು. ಇದೇ ಟೆರೇರಿಯಮ್. ಈ ಚಕ್ರಕ್ಕೆ ನಾವೊಂದು ಮೋಟರ್ ಸೇರಿಸೋಣ. ಮನೆಯ ಸಂಪು, ಓವರ್‌ಹೆಡ್ ಟ್ಯಾಂಕ್ ಗೊತ್ತಿದ್ರೆ ಸಾಕು, ಅರ್ಧ ಪಾಠ ಮುಗೀತು.

ಮೊದಲು ಒಂದು ಪ್ರಯೋಗ

ಪಾತ್ರೆ ತೊಳೆಯೋ ಸ್ಪಂಜನ್ನ ನೀರಲ್ಲಿ ಅದ್ದಿ, ಅಡ್ಡವಾಗಿ ಹಿಡೀರಿ. ಹನಿ ನಿಂತ ಮೇಲೆ ಉದ್ದಕ್ಕೆ ನಿಲ್ಲಿಸಿ. ಮತ್ತೆ ನೀರು ಸುರಿಯುತ್ತೆ! ಅಂದ್ರೆ ತಳದಲ್ಲಿ ಒಂದಷ್ಟು ಎತ್ತರದವರೆಗೆ ನೀರು ಕ್ಯಾಪಿಲರಿ ಬಲದಿಂದ ನಿಂತೇ ಇರುತ್ತೆ. ಮಣ್ಣಲ್ಲೂ ಹೀಗೇ. ಕೆಳಗೆ ಎಷ್ಟೇ ಜಲ್ಲಿ ಹಾಕಿದ್ರೂ ಈ ಒದ್ದೆ ಪದರ ಹೋಗಲ್ಲ. ಜಲ್ಲಿ ಜಾಸ್ತಿ ಮಾಡೋಕೆ ಮಣ್ಣು ಕಡಿಮೆ ಮಾಡಿದ್ರೆ ಬೇರುಗಳು ಪೂರ್ತಿ ಆ ಪದರದಲ್ಲೇ ಸಿಕ್ಕಿಕೊಂಡು, ಗಾಳಿ ಸಿಗದೆ ಕೊಳೆಯುತ್ತವೆ. ಇದಕ್ಕೆ ಪರಿಹಾರ ಒರಟು ಮಿಶ್ರಣ: ತೆಂಗಿನ ಸಿಪ್ಪೆ ಚೂರು, ಇದ್ದಿಲು, ಸ್ವಲ್ಪ ಕೋಕೋಪೀಟ್.

ಕಟ್ಟೋ ಕ್ರಮ

1. ಸಂಪು: 45 × 30 ಸೆಂ.ಮೀ. ತಳದ ಟ್ಯಾಂಕ್, 5 ಸೆಂ.ಮೀ. ನೀರು ಅಂದ್ಕೊಳ್ಳಿ. ಒಟ್ಟು ಜಾಗ 6.75 ಲೀಟರ್. ಜಲ್ಲಿ ತುಂಬಿದ್ರೆ ನೀರಿಗೆ ಉಳಿಯೋದು ಸುಮಾರು 40%, ಅಂದ್ರೆ 2.7 ಲೀಟರ್. ಜೊತೆಗೆ ಸುಮಾರು 10 ಕೆಜಿ ಭಾರ! ಅದರ ಬದಲು ಪಿವಿಸಿ ಪೈಪ್ ತುಂಡುಗಳ ಮೇಲೆ ಗಟ್ಟಿ ಪ್ಲಾಸ್ಟಿಕ್ ಜಾಲರಿ ಕೂರಿಸಿ.

2. ಸೋಸೋ ಪದರ: ಜಾಲರಿ ಮೇಲೆ ಸೊಳ್ಳೆ ಪರದೆ ಬಟ್ಟೆ, ಅದರ ಮೇಲೆ ಮಿಶ್ರಣ. ಮಿಶ್ರಣಕ್ಕೂ ನೀರಿಗೂ ಮಧ್ಯೆ ಒಂದೆರಡು ಸೆಂ.ಮೀ. ಖಾಲಿ ಜಾಗ ಇರಲೇಬೇಕು. ಮುಟ್ಟಿದ್ರೆ ಮಿಶ್ರಣ ಬತ್ತಿ ಥರ ನೀರು ಹೀರುತ್ತೆ.

3. ಮೋಟರ್: ಮೂಲೆಯಲ್ಲಿ ಬುಡಕ್ಕೆ ತೂತು ಕೊರೆದ ದಪ್ಪ ಪೈಪ್ ನಿಲ್ಲಿಸಿ, ಅಕ್ವೇರಿಯಂ ಪಂಪ್ ಅದರೊಳಗೆ ಇಳಿಸಿ. ಕೆಟ್ಟರೆ ಕಾಡು ಕೀಳದೇ ಪಂಪ್ ಮಾತ್ರ ತೆಗೀಬಹುದು.

ಡಬ್ಬಿ ಮೇಲೆ ಬರೆದ "ಗಂಟೆಗೆ ಇಷ್ಟು ಲೀಟರ್" ಅನ್ನೋದು ಸೊನ್ನೆ ಎತ್ತರಕ್ಕೆ. ಗರಿಷ್ಠ ಎತ್ತರದಲ್ಲಿ ಹರಿವು ಸೊನ್ನೆ. ನೀರಿನ ಮಟ್ಟದಿಂದ 40 ಸೆಂ.ಮೀ. ಏರಿಸೋದಾದ್ರೆ, ಕನಿಷ್ಠ 80 ಸೆಂ.ಮೀ. ಗರಿಷ್ಠ ಎತ್ತರದ ಪಂಪ್ ತಗೊಳ್ಳಿ. 5 ವ್ಯಾಟಿನದು ದಿನವಿಡೀ ಓಡಿದ್ರೂ ತಿಂಗಳಿಗೆ 3.6 ಯೂನಿಟ್ ಅಷ್ಟೇ.

4. ನೀರು: ಬೋರ್‌ವೆಲ್ ನೀರು ಬೇಡ, ಗಾಜಿನ ಮೇಲೆ ಬಿಳಿ ಕಲೆ ಕೂರುತ್ತೆ. ಮಳೆನೀರು ಅಥವಾ ಆರ್‌ಒ ನೀರು ಸರಿ. ಪಂಪ್ ಯಾವಾಗ್ಲೂ ಮುಳುಗಿರಬೇಕು, ಒಣಗಿ ಓಡಿದ್ರೆ ಸುಟ್ಟುಹೋಗುತ್ತೆ.

5. ಕರೆಂಟ್: ವೈರ್ ಪ್ಲಗ್ಗಿಗಿಂತ ಕೆಳಗೆ ಜೋತುಬಿದ್ದು ಆಮೇಲೆ ಮೇಲೇರಲಿ. ಆಗ ವೈರ್ ಮೇಲೆ ಹರಿದ ಹನಿ ನೆಲಕ್ಕೆ ಬೀಳುತ್ತೆ, ಸಾಕೆಟ್ಟಿಗಲ್ಲ. ಒಳಗೆ ಕೈ ಹಾಕೋ ಮುಂಚೆ ಪ್ಲಗ್ ಕೀಳಿ.

ಗಿಡ ನೆಡೋ ಮುಂಚೆ ಒಂದು ದಿನ ಬರೀ ನೀರು ಓಡಿಸಿ, ಸೋರಿಕೆ ನೋಡಿ. ಆಮೇಲೆ ಫರ್ನ್, ಫಿಟ್ಟೋನಿಯಾ, ಪಾಚಿ ಹಾಕಿ. ನೇರ ಬಿಸಿಲಿಗೆ ಇಡಬೇಡಿ, ಒಳಗೆ ಬೆಂದುಹೋಗುತ್ತವೆ. ಇನ್ನೊಂದು ಮಾತು: ಟ್ರೆಕ್ಕಿಗೆ ಹೋದಾಗ ಘಟ್ಟದ ಬಂಡೆಯಿಂದ ಪಾಚಿ ಕಿತ್ತು ತರಬೇಡಿ. ನಿಧಾನಕ್ಕೆ ಬೆಳೆಯೋ ಜೀವ ಅದು. ನರ್ಸರಿಯಿಂದ ಒಂದು ಹಿಡಿ ತಂದ್ರೆ, ತೇವ ಸರಿಯಿದ್ದಲ್ಲಿ ಅದೇ ಹಬ್ಬುತ್ತೆ.